ಕೋಟೆ ಬಾಗಿಲಿನ ಶರಭ

ಪ್ರಶ್ನೆ: ಜುನ್ನರ ಬಳಿಯ ಶಿವನೇರಿ ಕೋಟೆಯ ಬಾಗಿಲಲ್ಲಿ ಸಿಂಹದಂಥ ಮೃಗವೊಂದು ಆನೆಗಳನ್ನು ಅದುಮಿ ಹಿಡಿದಿರುವ ಕೆತ್ತನೆಯನ್ನು ನೋಡಿದೆವು. ಜೊತೆಗಿದ್ದ ಮರಾಠಿ ಸ್ನೇಹಿತರು ಅದನ್ನು ಶರಭ ಎಂದರು. ಆದರೆ ಕರ್ನಾಟಕದ ರಾಜ್ಯಲಾಂಛನದ ಇಕ್ಕೆಲಗಳಲ್ಲಿರುವ ಆನೆಮೊಗದ ಸಿಂಹಗಳನ್ನೂ ಶರಭವೆನ್ನುತ್ತಾರಲ್ಲ, ಇವುಗಳಲ್ಲಿ ಯಾವುದು ಸರಿ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಪುರಾಣದ ಶರಭವನ್ನು ಇವೆರಡೂ ಪೂರ್ತಿಯಾಗಿ ಹೋಲುವುದಿಲ್ಲ. ಆದರೂ ಕೋಟೆಯ ಮೃಗವೇ ಅದರ ಸ್ವಭಾವಕ್ಕೆ ಹತ್ತಿರವೆಂಬುದು ನನ್ನ ಅಭಿಪ್ರಾಯ. ಮಹಾಭಾರತದ ಶರಭವು ಎಂಟು ಕಾಲುಗಳ ಕಾಡುಮೃಗ. ಶಾಂತಿಪರ್ವದಲ್ಲಿ ಭೀಷ್ಮರು ಧರ್ಮರಾಯನಿಗೆ ಹೇಳುವ ಕಥೆಯೊಂದರಲ್ಲಿ, ಚಿರತೆಗೆ ಹೆದರಿದ ಆಶ್ರಮದ ನಾಯಿಯನ್ನು ಋಷಿಯು ಚಿರತೆಯನ್ನಾಗಿ ಮಾಡುತ್ತಾನೆ. ಅದು ಹುಲಿ, ಆನೆ, ಸಿಂಹಗಳಾಗಿ ಬೆಳೆದು ಕೊನೆಗೆ ಶರಭವಾಗುತ್ತದೆ, ಸಾಕಿದ ಋಷಿಯನ್ನೇ ಕೊಲ್ಲಲು ಹೊಂಚುಹಾಕಿದಾಗ ಮತ್ತೆ ನಾಯಿಯಾಗುತ್ತದೆ. ಸಿಂಹವನ್ನೂ ಮೀರಿದ ಮೃಗವೆಂಬ ಈ ಕಲ್ಪನೆ ಇದ್ದುದರಿಂದಲೇ, ಹಿರಣ್ಯಕಶಿಪುವಿನ ವಧೆಯ ನಂತರವೂ ಉಗ್ರತೆ ತಣಿಯದ ನರಸಿಂಹನನ್ನು ಅಡಗಿಸಲು ಶಿವನು ರೆಕ್ಕೆ, ಕೊಕ್ಕುಗಳುಳ್ಳ ಶರಭರೂಪವನ್ನು ತಾಳಿದನೆಂಬ ಲಿಂಗಪುರಾಣದ ಕಥೆಗೆ ಅಷ್ಟೊಂದು ಬಲ ಬಂದಿದೆ. ಚೋಳರ ದಾರಾಸುರಂ, ತ್ರಿಭುವನಂ ದೇವಾಲಯಗಳಲ್ಲಿ ಈ ಶರಭಮೂರ್ತಿಯನ್ನು ಕಾಣಬಹುದು.

ಮಹಾರಾಷ್ಟ್ರದ ಕೋಟೆಗಳ ಶಿಲ್ಪಿಗಳು ಸಾಮಾನ್ಯವಾಗಿ ಎಂಟು ಕಾಲುಗಳನ್ನು ಬಿಟ್ಟರು, ಪರಾಕ್ರಮವನ್ನು ಮಾತ್ರ ಉಳಿಸಿಕೊಂಡರು. ಕೆತ್ತನೆಯ ಎದುರು ತುಸು ಹೊತ್ತು ನಿಂತು ನೋಡಿ: ತೆರೆದ ಬಾಯಿ, ಹೊರಚಾಚಿದ ಉಗುರು, ಪಂಜಗಳ ಕೆಳಗೆ ಇಲಿಮರಿಗಳಷ್ಟು ಕಿರಿದಾಗಿ ಕೆತ್ತಿದ ಆನೆಗಳು, ಕೆಲವೆಡೆ ಬಾಲದ ಸುರುಳಿಯಲ್ಲಿಯೂ ಒಂದು ಆನೆ. ಗಜಬಲವನ್ನೇ ನಂಬಿ ಯುದ್ಧಕ್ಕೆ ಹೊರಡುತ್ತಿದ್ದ ಕಾಲದಲ್ಲಿ, ಬಾಗಿಲಿಗೆ ಬಂದ ಶತ್ರುವಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಾಂಛನದ ಪ್ರಾಣಿಗೆ ಶರಭವೆಂಬ ಹೆಸರು ರೂಢಿಯಲ್ಲಿದೆಯಾದರೂ, ಶಿಲ್ಪಶಾಸ್ತ್ರದ ಪ್ರಕಾರ ಆನೆಮೊಗ, ಸಿಂಹದ ಮೈ ಇರುವುದು ಗಜವ್ಯಾಳ. ವ್ಯಾಳವೆಂದರೆ ಬೇರೆ ಬೇರೆ ಪ್ರಾಣಿಗಳ ಅಂಗಗಳನ್ನು ಬೆರೆಸಿ ಕೆತ್ತುವ ಕಾಲ್ಪನಿಕ ಮೃಗ. ‘ಅಪರಾಜಿತಪೃಚ್ಛಾ’ ಗ್ರಂಥವು ಮುಖಭೇದದಿಂದ 16 ಬಗೆಯ ವ್ಯಾಳಗಳನ್ನು ಹೇಳುತ್ತದೆ.

ಕೋಟೆಗಳಲ್ಲಿ ಆನೆಗಳನ್ನು ಹಿಡಿದ ಎರಡು ತಲೆಯ ಹಕ್ಕಿಯೂ ಕಾಣಸಿಗುತ್ತದೆ. ಅದನ್ನು ಶರಭವೆಂದು ತಿಳಿಯಬಾರದು. ಅದು ಗಂಡಭೇರುಂಡ, ಶರಭವನ್ನು ಎದುರಿಸಲು ನರಸಿಂಹನೇ ತಾಳಿದ ರೂಪವೆಂದು ವೈಷ್ಣವರು ಹೇಳುವಂಥದ್ದು. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೂ ಅದು ಕೊಕ್ಕು, ಕಾಲುಗಳಲ್ಲಿ ಆನೆಗಳನ್ನು ಹಿಡಿದೇ ಇದೆ.