ಮಲ್ಲೇಶ್ವರದಲ್ಲಿ ಯಾವ ಕಡೆ ಮನೆ ನೋಡಬೇಕು?

ನಿವೃತ್ತರಾದ ಅಪ್ಪ-ಅಮ್ಮನಿಗೆ ಬೆಂಗಳೂರಿನ ಮಲ್ಲೇಶ್ವರ ಒಗ್ಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಒಗ್ಗುತ್ತೆ, ಆದರೆ ಕ್ರಾಸ್ ನೋಡಿ ಆರಿಸಿ. ಎಂಟನೇ ಕ್ರಾಸಿನ ಆಸುಪಾಸು ಹೂವು, ತರಕಾರಿ, ಪೂಜಾ ಸಾಮಗ್ರಿ ಮಾರುವ ಗ್ರಂಧಿಗೆ ಅಂಗಡಿ ಎಲ್ಲಾ ಕಾಲಳತೆಯಲ್ಲೇ. ಆದರೆ ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಸಂಪಿಗೆ ರಸ್ತೆ ದಾಟೋದೇ ಒಂದು ಸಾಹಸ. ವಾಕಿಂಗ್ ಮುಖ್ಯವಾದರೆ ಹದಿನೆಂಟನೇ ಕ್ರಾಸ್ ಕಡೆ ನೋಡಿ, ಸ್ಯಾಂಕಿ ಕೆರೆ ಹತ್ತಿರ. ಮೆಟ್ರೊ ಮಾತ್ರ ದಕ್ಷಿಣದ ತುದಿಯಲ್ಲಿದೆ, ಅಲ್ಲಿಂದ ದೂರ.

1898ರ ಪ್ಲೇಗಿನ ನಂತರ ಗಾಳಿ-ಬೆಳಕು ಲೆಕ್ಕ ಹಾಕಿ ಕಟ್ಟಿದ ಬಡಾವಣೆ ಇದು. ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳು (ಕಸ, ಕೊಳೆ ಸಾಗಿಸಲು ಬಿಟ್ಟ ಕಿರುದಾರಿಗಳು) ಆ ಕಾಲದ್ದೇ. ಹಳೇ ಮನೆಗಳು ಅಪಾರ್ಟ್‌ಮೆಂಟ್ ಆಗುತ್ತಿವೆ, ಅದೊಂದು ಬೇಜಾರು. ಕಾಡುಮಲ್ಲೇಶ್ವರ ದೇವಸ್ಥಾನದ ಮರಗಳ ನೆರಳು ನೋಡಿದರೆ ನಿಮ್ಮಮ್ಮ ಅಲ್ಲೇ ಒಪ್ಪಿಬಿಡುತ್ತಾರೆ. ಬಾಡಿಗೆ ಜಾಸ್ತಿ, ಮೊದಲೇ ಹೇಳಿರುತ್ತೇನೆ.