ಎನ್‌ಎಚ್‌ಎಲ್ ಐಸ್ ಹಾಕಿ ವಿಡಿಯೋ ಗೇಮ್‌ನಲ್ಲಿ ನನ್ನ ಡಿಫೆನ್ಸ್‌ಮನ್‌ನನ್ನು ಎಲ್ಲರೂ ದಾಟಿ ಹೋಗುತ್ತಾರೆ, ಏನು ಮಾಡಲಿ?

ನಮ್ಮದೇ ಒಬ್ಬ ಆಟಗಾರನನ್ನು ರೂಪಿಸಿ ಆಡುವ ‘ಬಿ ಎ ಪ್ರೊ’ ವಿಭಾಗದಲ್ಲಿ ಆರಡಿ ಆರಂಗುಲದ ದಢೂತಿ ಡಿಫೆನ್ಸ್‌ಮನ್‌ನನ್ನು (ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಆಟಗಾರ) ಕಟ್ಟಿದರೂ ಎದುರಾಳಿ ವಿಂಗರ್‌ಗಳು (ಅಂಚಿನಿಂದ ದಾಳಿ ಮಾಡುವವರು) ಅವನ ಪಕ್ಕದಲ್ಲೇ ನುಗ್ಗಿ ಗೋಲು ಹೊಡೆಯುತ್ತಿದ್ದಾರೆ ಎಂದು ಬರೆದಿದ್ದೀರಿ. ಇಎ ಸ್ಪೋರ್ಟ್ಸ್‌ನ ಈ ಸರಣಿಯಲ್ಲಿ ಹಲವು ವರ್ಷಗಳಿಂದ ಇದೇ ಸ್ಥಾನದಲ್ಲಿ ಆಡುತ್ತಿರುವ ನಾನೂ ಮೊದಲು ಮಾಡಿದ್ದು ಇದೇ ತಪ್ಪನ್ನು. ಅರ್ಧ ದೋಷ ಆಟಗಾರನ ಮೈಯಲ್ಲಿದೆ, ಇನ್ನರ್ಧ ನಮ್ಮ ಬೆರಳುಗಳಲ್ಲಿದೆ.

ಮೊದಲು ಮೈಯ ವಿಚಾರ. ಎತ್ತರ ಹೆಚ್ಚಿದಷ್ಟೂ ಕೋಲಿನ ನಿಲುಕು ಮತ್ತು ಬೋರ್ಡಿನ (ಅಂಗಳದ ಸುತ್ತಲಿನ ಗೋಡೆ) ಬಳಿಯ ತಳ್ಳಾಟದ ಬಲ ಹೆಚ್ಚುತ್ತವೆ. ಅದಕ್ಕೆ ಬದಲಾಗಿ ಥಟ್ಟನೆ ವೇಗ ಹಿಡಿಯುವ ಮತ್ತು ತಿರುಗುವ ಶಕ್ತಿ ಕುಗ್ಗುತ್ತದೆ. ನಿಜವಾದ ಎನ್‌ಎಚ್‌ಎಲ್ ಲೀಗ್‌ನಲ್ಲಿ ಆರಡಿ ಒಂಬತ್ತಂಗುಲದ ಡಿಫೆನ್ಸ್‌ಮನ್ ಜ್ಡೆನೊ ಚಾರಾ ಮೆರೆದದ್ದು ಹೌದಾದರೂ, ಗೇಮ್‌ನಲ್ಲಿ ಅಂಥ ದೇಹವನ್ನು ಪಳಗಿಸಲು ಸ್ಥಾನಪ್ರಜ್ಞೆ ಬಹಳ ಬೇಕು. ಆದ್ದರಿಂದ ಆರಡಿ ಒಂದೆರಡು ಅಂಗುಲ ಎತ್ತರ, ಸುಮಾರು 195 ಪೌಂಡ್ ತೂಕ ಇಟ್ಟುಕೊಳ್ಳಿ. ಸಿಗುವ ಅಂಕಗಳನ್ನು ಮೊದಲು ಸ್ಕೇಟಿಂಗಿಗೆ, ಆಮೇಲೆ ಸ್ಟಿಕ್ ಚೆಕಿಂಗಿಗೆ, ಅಂದರೆ ಕೋಲಿನಿಂದ ಪಕ್ (ಆಟದ ಚಪ್ಪಟೆ ರಬ್ಬರ್ ಬಿಲ್ಲೆ) ಕಸಿಯುವುದಕ್ಕೆ, ಹಾಕಿ. ಡಿಕ್ಕಿ ಹೊಡೆಯುವ ಸಾಮರ್ಥ್ಯ ಕೊನೆಗೆ ಬಂದರೆ ಸಾಕು. ನಿಕ್ಲಾಸ್ ಲಿಡ್‌ಸ್ಟ್ರಾಮ್ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು ಏಳು ಸಲ ಗೆದ್ದದ್ದು ಮೈಬಲದಿಂದಲ್ಲ, ಎಲ್ಲಿ ನಿಲ್ಲಬೇಕು ಮತ್ತು ಕೋಲನ್ನು ಎಲ್ಲಿಡಬೇಕು ಎಂಬ ತಿಳಿವಳಿಕೆಯಿಂದ.

ಇನ್ನು ಬೆರಳುಗಳ ವಿಚಾರ. ಎದುರಾಳಿ ಪಕ್ ಹಿಡಿದು ಮಧ್ಯದ ಗೆರೆ ದಾಟುವಾಗಲೇ ನೀವು ಪ್ಲೇಸ್ಟೇಷನ್ ಕಂಟ್ರೋಲರ್‌ನ ಎಲ್2 ಗುಂಡಿ ಒತ್ತಿ ಅವನಿಗೆ ಮುಖ ಮಾಡಿ ಹಿಂದಕ್ಕೆ ಜಾರಲು ಶುರು ಮಾಡಿರಬೇಕು. ಅವನು ನಿಮ್ಮ ಬ್ಲೂ ಲೈನಿಗೆ (ನಿಮ್ಮ ಗೋಲಿನ ಕಡೆಯ ನೀಲಿ ಗೆರೆ) ಬರುವ ಹೊತ್ತಿಗೆ ಇಬ್ಬರ ನಡುವೆ ಒಂದೂವರೆ ಕೋಲಿನಷ್ಟು ಅಂತರ ಉಳಿದಿರಬೇಕು. ನೀವು ಅವನಿಗಿಂತ ಸ್ವಲ್ಪ ಒಳಗೆ, ಗೋಲಿನ ಕಡೆಗೆ ನಿಂತರೆ ಅವನಿಗೆ ಉಳಿಯುವುದು ಬೋರ್ಡಿನ ಪಕ್ಕದ ಇಕ್ಕಟ್ಟಾದ ದಾರಿಯೊಂದೇ. ಅಲ್ಲಿಂದ ಅವನು ಹೊಡೆದರೂ ಕೋನ ಕಿರಿದಾಗಿರುವುದರಿಂದ ಗೋಲ್‌ಕೀಪರ್ ಸಾಮಾನ್ಯವಾಗಿ ತಡೆಯುತ್ತಾನೆ, ಹೊಡೆಯಲಿ ಬಿಡಿ.

ನಾನು ಎಡವುತ್ತಿದ್ದದ್ದು ಸರಿಯಾಗಿ ಇಲ್ಲೇ. ಗಾಬರಿಯಲ್ಲಿ, ಕೋಲಿನಿಂದ ಪಕ್ಕನ್ನು ಚುಚ್ಚುವ ಆರ್1 ಗುಂಡಿಯನ್ನು ಪಟಪಟನೆ ಒತ್ತುತ್ತಿದ್ದೆ. ಕೋಲು ಪಕ್ಕಿಗೆ ತಾಗುವ ಬದಲು ಅವನ ಕಾಲಿಗೆ ಸಿಕ್ಕಿ, ಟ್ರಿಪ್ಪಿಂಗ್ (ಕಾಲು ತೊಡರಿಸಿದ ತಪ್ಪು) ಎಂದು ರೆಫರಿ ಕೈ ಎತ್ತುತ್ತಿದ್ದ. ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂತು ನಮ್ಮವರು ಗೋಲು ತಿನ್ನುವುದನ್ನು ನೋಡುವ ಸಂಕಟ ಆಡಿದವರಿಗೇ ಗೊತ್ತು. ಗುಂಡಿಯನ್ನು ಒತ್ತಿ ಬಿಡುವುದಕ್ಕೆ ಬದಲು ಹಿಡಿದೇ ಇದ್ದು, ಕಂಟ್ರೋಲರ್‌ನ ಬಲ ಸ್ಟಿಕ್ಕಿನಿಂದ ಕೋಲನ್ನು ಪಾಸು ಹೋಗುವ ದಾರಿಗೆ ಅಡ್ಡ ಚಾಚಿ. ಎದುರಾಳಿ ಪಕ್ಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸುವಾಗ ಅದು ಅರೆಕ್ಷಣ ಅವನ ಮೈಯಿಂದ ದೂರವಾಗುತ್ತದೆ. ಚುಚ್ಚುವುದಾದರೆ ಆಗ, ಅದೂ ಒಂದೇ ಸಲ. ಅವನು ಗೋಲಿನ ಮುಂದೆಯೇ ನಿಂತು ಪಾಸಿಗೆ ಕಾಯುತ್ತಿದ್ದರೆ ಮಾತ್ರ ಅವನ ಕೋಲನ್ನು ಮೇಲೆತ್ತಿಬಿಡುವ ಗುಂಡಿ ಹೆಚ್ಚು ಉಪಯುಕ್ತ.

ಪಕ್ ಕೈಗೆ ಬಂದ ಮೇಲೆ ಒಬ್ಬರೇ ಹೊತ್ತುಕೊಂಡು ಓಡಬೇಡಿ, ಹತ್ತಿರದವನಿಗೆ ಕೊಡಿ. ಬಾಬಿ ಆರ್ 1969–70ರಲ್ಲಿ ಡಿಫೆನ್ಸ್‌ಮನ್ ಆಗಿದ್ದೂ 120 ಅಂಕಗಳೊಂದಿಗೆ (ಗೋಲು ಮತ್ತು ಗೋಲಿಗೆ ನೆರವಾದ ಪಾಸುಗಳ ಮೊತ್ತ) ಇಡೀ ಲೀಗ್‌ಗೇ ಮೊದಲಿಗನಾದ ಎಂಬುದನ್ನು ಓದಿದ ಯಾರಿಗೂ ಮುನ್ನುಗ್ಗುವ ಆಸೆ ಬರುವುದು ಸಹಜ. ಆದರೆ ಎದುರಾಳಿಯ ಬ್ಲೂ ಲೈನ್ ಬಿಟ್ಟು ಒಳಗೆ ಹೋಗುವ ಮುನ್ನ ನಿಮ್ಮ ಜಾಗಕ್ಕೆ ಫಾರ್ವರ್ಡ್‌ಗಳಲ್ಲಿ ಒಬ್ಬನಾದರೂ ಹಿಂದೆ ಬಂದಿದ್ದಾನೆಯೇ ಎಂದು ನೋಡಿ. ಬಂದಿಲ್ಲವಾದರೆ ಆ ಪಕ್ಕಿನ ಆಸೆ ಬಿಟ್ಟು ಹಿಂದೆ ಸರಿಯಿರಿ.