ಪ್ರಶ್ನೋತ್ತರ: ಅರವಾಕ್, ಕ್ಯಾರಿಬ್ ನುಡಿಗಳೂ ನಮ್ಮ ಕರಾವಳಿಯ ಮಾತೂ

ಪ್ರಶ್ನೆ: ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದ ಮೂಲನಿವಾಸಿಗಳನ್ನು ಕ್ಯಾರಿಬರೆಂದು ಕರೆಯುತ್ತಾರೆ. ಆದರೆ ಅವರ ಭಾಷೆ ಅರವಾಕ್ ಕುಟುಂಬಕ್ಕೆ ಸೇರಿದ್ದೆಂದು ಓದಿದೆ. ಇದು ಹೇಗೆ? ಈಗ ಆಡುವವರೇ ಇಲ್ಲದ ಭಾಷೆಯ ಬಗ್ಗೆ ಇಷ್ಟು ಖಚಿತವಾಗಿ ಹೇಳಲು ಆಧಾರವೇನು?
– ಸ್ನಾತಕೋತ್ತರ ವಿದ್ಯಾರ್ಥಿನಿ, ಶಿರಸಿ

ಉತ್ತರ: ನೀವು ಓದಿದ್ದು ಸರಿಯಾಗಿಯೇ ಇದೆ. ದಕ್ಷಿಣ ಅಮೆರಿಕದ ಉತ್ತರ ಕರಾವಳಿಯ ಗಯಾನಾ, ಸುರಿನಾಮ್ ಮುಂತಾದ ಕಡೆಗಳಲ್ಲಿ ಎರಡು ಬೇರೆ ಬೇರೆ ಭಾಷಾಕುಟುಂಬಗಳ ಜನ ಶತಮಾನಗಳಿಂದ ಅಕ್ಕಪಕ್ಕದಲ್ಲಿ ಬಾಳುತ್ತಿದ್ದಾರೆ. ಹೊರಗಿನವರು ಅರವಾಕರೆಂದು ಕರೆದವರು ತಮ್ಮನ್ನು ಲೊಕೊನೊ ಎಂದು ಕರೆದುಕೊಳ್ಳುತ್ತಾರೆ; ಕ್ಯಾರಿಬರೆಂದು ಕರೆಸಿಕೊಂಡವರು ಕಲಿನಾ ಎನ್ನುತ್ತಾರೆ. ಈ ಎರಡು ನುಡಿಗಳ ಸಂಬಂಧ ನಮ್ಮಲ್ಲಿ ಕನ್ನಡಕ್ಕೂ ಕೊಂಕಣಿಗೂ ಇರುವಂಥದ್ದು: ನೆರೆಹೊರೆಯ ಕೊಡುಕೊಳೆ ಉಂಟು, ಆದರೆ ಕುಲ ಬೇರೆ. ಡೊಮಿನಿಕಾ, ಗ್ವಾಡೆಲೂಪ್, ಸೇಂಟ್ ವಿನ್ಸೆಂಟ್ ದ್ವೀಪಗಳಲ್ಲಿ ಕ್ಯಾರಿಬರೆಂದು ಕರೆಸಿಕೊಂಡ ಕಲಿನಾಗೊ ಜನರ ಮನೆಮಾತಿನ ವ್ಯಾಕರಣವೆಲ್ಲ ಅರವಾಕ್ ಕುಟುಂಬದ್ದಾಗಿತ್ತು. ಗಂಡಸರು ಮಾತ್ರ ಅದರ ಜೊತೆಗೆ ಕ್ಯಾರಿಬ್ ಮೂಲದ ಒಂದಷ್ಟು ಶಬ್ದಗಳನ್ನು ಬಳಸುತ್ತಿದ್ದರು. ಕ್ಯಾರಿಬ್ ಯೋಧರು ದ್ವೀಪಗಳನ್ನು ಗೆದ್ದು ಅಲ್ಲಿಯ ಹೆಂಗಸರನ್ನು ಮದುವೆಯಾದರು, ಮಕ್ಕಳು ತಾಯಿಯ ಮಾತನ್ನೇ ಕಲಿತರು ಎಂಬ ಕಥೆಯನ್ನು 17ನೇ ಶತಮಾನದ ಫ್ರೆಂಚರು ಬರೆದಿಟ್ಟಿದ್ದಾರೆ. ಆ ಕಥೆ ಎಷ್ಟು ನಿಜ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ವ್ಯಾಕರಣದ ಸಾಕ್ಷ್ಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ.

ಆ ಸಾಕ್ಷ್ಯ ಉಳಿದದ್ದು ಬಹುಮಟ್ಟಿಗೆ ಒಬ್ಬ ಮನುಷ್ಯನ ದುಡಿಮೆಯಿಂದ. ರೇಮೊಂ ಬ್ರೆತೊಂ ಎಂಬ ಫ್ರೆಂಚ್ ಪಾದ್ರಿ 1635ರಲ್ಲಿ ಗ್ವಾಡೆಲೂಪಿಗೆ ಬಂದು, ಮುಂದೆ ಡೊಮಿನಿಕಾದ ಕಲಿನಾಗೊ ಜನರ ನಡುವೆ ವರ್ಷಗಟ್ಟಲೆ ಇದ್ದು, 1665ರಲ್ಲಿ ಅವರ ನುಡಿಯ ನಿಘಂಟನ್ನು ಅಚ್ಚು ಹಾಕಿಸಿದ. ಶಬ್ದಕ್ಕೆ ಅರ್ಥ ಕೊಟ್ಟು ಸುಮ್ಮನಾಗದೆ, ಜನ ಆಡುತ್ತಿದ್ದ ವಾಕ್ಯಗಳನ್ನೂ ಅವರ ಆಹಾರ, ದೋಣಿ, ಆಚಾರಗಳ ವಿವರವನ್ನೂ ಆತ ಅದರಲ್ಲಿ ಸೇರಿಸಿದ್ದರಿಂದಲೇ ಇಂದು ಆ ಭಾಷೆಯ ವ್ಯಾಕರಣವನ್ನು ಕಟ್ಟಿ ನೋಡಲು ಸಾಧ್ಯವಾಗಿದೆ. ಆತ ಬಂದದ್ದು ಮತಪ್ರಚಾರಕ್ಕೆ. ಆ ಜನರ ನಂಬಿಕೆಗಳ ಬಗ್ಗೆ ಆತ ಕೊಟ್ಟ ತೀರ್ಪುಗಳನ್ನು ಎಚ್ಚರದಿಂದ ಓದಬೇಕು. ಆದರೆ ಆತ ಕಿವಿಗೊಟ್ಟು ಬರೆದುಕೊಂಡ ವಾಕ್ಯಗಳ ಬೆಲೆ ಅದರಿಂದ ಕುಂದುವುದಿಲ್ಲ.

ಕ್ಯೂಬಾ, ಹಿಸ್ಪಾನಿಯೋಲಾ ಮುಂತಾದ ದೊಡ್ಡ ಕೆರಿಬಿಯನ್ ದ್ವೀಪಗಳಲ್ಲಿ ಆಡುತ್ತಿದ್ದ ಟೈನೊ ಭಾಷೆಗೆ ಈ ಭಾಗ್ಯವಿರಲಿಲ್ಲ. ಕೊಲಂಬಸ್ ಮೊದಲು ಕೇಳಿದ ಅಮೆರಿಕದ ನುಡಿಗಳಲ್ಲಿ ಅದೂ ಒಂದು. ರಾಮೋನ್ ಪಾನೆ ಎಂಬ ಸನ್ಯಾಸಿ 15ನೇ ಶತಮಾನದ ಕೊನೆಯಲ್ಲಿ ಟೈನೊ ಜನರ ನಂಬಿಕೆಗಳನ್ನು ಕುರಿತು ಬರೆದ ಬರಹದ ಮೂಲಪ್ರತಿ ಕಳೆದುಹೋಗಿ, ಇಟಾಲಿಯನ್ ಅನುವಾದವಷ್ಟೇ ಕೈಗೆ ಸಿಕ್ಕಿದೆ. ಉಳಿದದ್ದು ಬಿಡಿ ಶಬ್ದಗಳು, ಊರುಗಳ ಮತ್ತು ಮನುಷ್ಯರ ಹೆಸರುಗಳು. ಆ ಬಿಡಿ ಶಬ್ದಗಳನ್ನು ಲೊಕೊನೊ ನುಡಿಯೊಂದಿಗೆ ಹೋಲಿಸಿ ಎರಡೂ ಒಂದೇ ಕುಟುಂಬದವೆಂದು 1871ರಲ್ಲಿ ಡೇನಿಯಲ್ ಬ್ರಿಂಟನ್ ತೋರಿಸಿಕೊಟ್ಟನು. ನಂಟನ್ನು ತಿಳಿಯುವುದಕ್ಕೆ ಅಷ್ಟು ಸಾಕಾಯಿತು, ವಾಕ್ಯ ಕಟ್ಟುವ ಬಗೆಯನ್ನು ತಿಳಿಯುವುದಕ್ಕೆ ಸಾಕಾಗಲಿಲ್ಲ. ಡೊಮಿನಿಕಾದಲ್ಲಿ ಕಲಿನಾಗೊ ನುಡಿಯನ್ನು ಆಡುವವರು 1920ರ ಸುಮಾರಿಗೆ ಇಲ್ಲವಾದರು. ಅದೇ ದ್ವೀಪದಲ್ಲಿ ನೆಲೆಸಿದ್ದ ಭಾಷಾವಿದ್ವಾಂಸ ಡಗ್ಲಸ್ ಟೇಲರ್ ಅಲ್ಲಿಯ ಹಿರಿಯರ ನೆನಪಿನಲ್ಲಿ ಉಳಿದಿದ್ದ ಮಾತುಗಳನ್ನು ಸಂಗ್ರಹಿಸಿ, ಇಂದಿಗೂ ಬಳಕೆಯಲ್ಲಿರುವ ಸೋದರ ನುಡಿ ಗರಿಫುನಾದ ನೆರವಿನಿಂದ ಬ್ರೆತೊಂನ ಬರಹದ ತೊಡಕುಗಳನ್ನು ಬಿಡಿಸಿದರು.

ಪ್ರಶ್ನೆ: ಗರಿಫುನಾ ಜನರು ಆಫ್ರಿಕಾ ಮೂಲದವರಲ್ಲವೇ? ಅವರ ಭಾಷೆ ಅಮೆರಿಕದ ಮೂಲನಿವಾಸಿಗಳದ್ದು ಹೇಗಾಯಿತು?
– ಓದುಗರು, ಯಲ್ಲಾಪುರ

ಉತ್ತರ: ಗುಲಾಮಗಿರಿಯಿಂದ ಪಾರಾಗಿ ಸೇಂಟ್ ವಿನ್ಸೆಂಟ್ ಸೇರಿದ ಆಫ್ರಿಕನ್ನರು ಅಲ್ಲಿಯ ಕಲಿನಾಗೊ ಜನರೊಡನೆ ಬೆರೆತು ಅವರ ನುಡಿಯನ್ನೇ ತಮ್ಮದಾಗಿಸಿಕೊಂಡರು. 1797ರಲ್ಲಿ ಬ್ರಿಟಿಷರು ಅವರನ್ನು ಹಡಗು ಹತ್ತಿಸಿ ಹೊಂಡುರಾಸ್ ಬಳಿಯ ರೊವಾಟಾನ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿಂದ ಅವರು ಬೆಲೀಜ್, ಗ್ವಾಟೆಮಾಲಾ, ನಿಕರಾಗುವಾ ಕರಾವಳಿಗೆ ಹರಡಿದರು. ಅವರ ಎಣಿಕೆಯಲ್ಲಿ ಮೂರರವರೆಗಿನ ಸಂಖ್ಯೆಗಳು ಹಳೆಯವು, ನಾಲ್ಕರಿಂದ ಮುಂದಿನವು ಫ್ರೆಂಚಿನಿಂದ ಬಂದವು. ‘ನಾನು’ ಎನ್ನುವುದಕ್ಕೆ ಗಂಡಸರು ‘ಔ’ ಎಂದೂ ಹೆಂಗಸರು ‘ನುಗುಯಾ’ ಎಂದೂ ಹೇಳುವ ರೂಢಿಯಲ್ಲಿ ಮೊದಲ ಉತ್ತರದಲ್ಲಿ ಹೇಳಿದ ಗಂಡು–ಹೆಣ್ಣು ಮಾತಿನ ಭೇದದ ಗುರುತು ಈಗಲೂ ಕಾಣುತ್ತದೆ.

ಮೈಬಣ್ಣವೂ ಮನೆಮಾತೂ ಒಂದೇ ದಾರಿಯಲ್ಲಿ ಬರಬೇಕೆಂದಿಲ್ಲ ಎಂಬುದು ಯಲ್ಲಾಪುರದವರಿಗೆ ಹೊಸದೇನಲ್ಲ. ಆಫ್ರಿಕಾ ಮೂಲದವರಾದ ನಿಮ್ಮ ತಾಲ್ಲೂಕಿನ ಸಿದ್ದಿ ಕುಟುಂಬಗಳಲ್ಲಿ ಆಡುವ ಕೊಂಕಣಿಗೆ ತನ್ನದೇ ಆದ ಲಕ್ಷಣಗಳಿವೆ. ಅದನ್ನು ಕೆಟ್ಟ ಕೊಂಕಣಿ ಎಂದು ತಳ್ಳಿಹಾಕದೆ, ಒಂದು ಸಮುದಾಯ ರೂಪಿಸಿಕೊಂಡ ಮಾತೆಂದು ಗೌರವದಿಂದ ಅಭ್ಯಾಸ ಮಾಡುವವರು ನಮ್ಮ ಜಿಲ್ಲೆಯಲ್ಲೇ ಮೂಡಿಬರಬೇಕೆಂದು ನನ್ನ ಹಂಬಲ.

ಪ್ರಶ್ನೆ: ನಮ್ಮ ಊರಿನ ಹಾಲಕ್ಕಿ ಹಿರಿಯರ ಮಾತನ್ನು ಮಕ್ಕಳ ಕೈಯಿಂದ ಮೊಬೈಲಿನಲ್ಲಿ ದಾಖಲಿಸಬೇಕೆಂದಿದ್ದೇವೆ. ಪದಗಳ ಪಟ್ಟಿ ಮಾಡಿದರೆ ಸಾಕೇ?
– ಪ್ರೌಢಶಾಲಾ ಶಿಕ್ಷಕರು, ಕುಮಟಾ

ಉತ್ತರ: ಸಾಲದು. ಪಟ್ಟಿ ಮಾಡಿ, ಆದರೆ ಅದಕ್ಕೆ ಮೊದಲು ಮಾತನ್ನು ಹಿಡಿದಿಡಿ. ಅಂಕೋಲಾದ ಸುಕ್ರಿ ಬೊಮ್ಮಗೌಡರಂಥವರಿಂದಾಗಿ ಹಾಲಕ್ಕಿ ಹಾಡುಗಳ ಹಿರಿಮೆ ನಾಡಿಗೆಲ್ಲ ತಿಳಿದಿದೆ. ಆದರೆ ಹಾಡಿನ ಭಾಷೆಯೇ ದಿನದ ಭಾಷೆಯಲ್ಲ. ನಾಟಿಯ ದಿನ ಗದ್ದೆಯಲ್ಲಿ ಆಡುವ ಮಾತು, ಮಗುವನ್ನು ಗದರಿಸುವ ಮಾತು, ಸುಗ್ಗಿ ಕುಣಿತದ ತಯಾರಿಯ ಚರ್ಚೆ, ಇಬ್ಬರು ಹೆಂಗಸರು ತಮ್ಮ ತವರಿನ ಸುದ್ದಿ ಹೇಳಿಕೊಳ್ಳುವುದು, ಇವೂ ಬೇಕು. ಹೆಂಗಸರ ಮಾತು, ಗಂಡಸರ ಮಾತು ಎರಡನ್ನೂ ಪಡೆಯಿರಿ. ಊರಿನ ಯಜಮಾನರೊಬ್ಬರನ್ನೇ ಕೂಡಿಸಿಕೊಂಡು ಕೆಲಸ ಮುಗಿಸಬೇಡಿ.

ಯಾರ ಮಾತನ್ನು ದಾಖಲಿಸುತ್ತೀರೋ ಅವರಿಗೆ ಅದು ಏತಕ್ಕೆ, ಯಾರ ಕೈಸೇರುತ್ತದೆ ಎಂಬುದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ, ಹೊರಗೆ ಕೇಳಿಸಬಾರದೆಂದು ಅವರು ಹೇಳಿದ ಭಾಗವನ್ನು ಕೇಳಿಸಬೇಡಿ. ಪ್ರತಿ ಧ್ವನಿಮುದ್ರಣದ ಆರಂಭದಲ್ಲಿ ದಿನಾಂಕ, ಊರು, ಮಾತನಾಡುವವರ ಹೆಸರನ್ನು ಬಾಯಲ್ಲೇ ಹೇಳಿ. ಮೊಬೈಲಿನಲ್ಲಿ ಧ್ವನಿಯನ್ನು ಕುಗ್ಗಿಸದೆ ಉಳಿಸುವ ವೇವ್ (WAV) ಮಾದರಿಯ ಕಡತವನ್ನೇ ಆರಿಸಿಕೊಳ್ಳಿ, ಫ್ಯಾನ್ ನಿಲ್ಲಿಸಿ, ಸಾಧ್ಯವಿದ್ದರೆ ಅಂಗಿಗೆ ಸಿಕ್ಕಿಸುವ ಮೈಕು ಬಳಸಿ. ಬರೆದುಕೊಳ್ಳುವಾಗ ಮಕ್ಕಳು ಅದನ್ನು ಶಾಲೆಯ ಕನ್ನಡಕ್ಕೆ ತಿದ್ದದಂತೆ ನೋಡಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ಸಂಗ್ರಹಗಳನ್ನು ಹೆಚ್ಚು ಹಾಳು ಮಾಡಿದ್ದು ಈ ತಿದ್ದುವ ಚಟವೇ. ಧ್ವನಿಯನ್ನೂ ಬರಹವನ್ನೂ ಸಾಲು ಸಾಲಾಗಿ ಹೊಂದಿಸಲು ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ರೂಪಿಸಿದ ಎಲಾನ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹತ್ತು ನಿಮಿಷದ ಮಾತನ್ನು ಬರೆದು ಅರ್ಥ ಹಚ್ಚಲು ಹಲವು ಗಂಟೆಗಳೇ ಬೇಕಾಗುವುದರಿಂದ, ಚಿಕ್ಕ ಚಿಕ್ಕ ತುಣುಕುಗಳನ್ನು ಪೂರ್ತಿ ಮಾಡುತ್ತ ಹೋಗಿ.

ಹಾಲಕ್ಕಿ ಮನೆಯ ಮಕ್ಕಳೇ ಈ ಕೆಲಸದ ಮುಂದಾಳುಗಳಾಗಲಿ. ಗಯಾನಾದಲ್ಲಿ ಅರವಾಕ್ ನುಡಿಯ ನಿಘಂಟನ್ನು ಸಿದ್ಧಪಡಿಸಿದ ಜಾನ್ ಪೀಟರ್ ಬೆನೆಟ್ ಸ್ವತಃ ಅರವಾಕ್ ಸಮುದಾಯದವರು. ಧ್ವನಿಮುದ್ರಣದ ಒಂದು ಪ್ರತಿಯನ್ನು ಆಯಾ ಕುಟುಂಬಕ್ಕೆ ಕೊಡಿ, ಒಂದನ್ನು ಶಾಲೆಯಲ್ಲಿ ಇಡಿ. ಮತ್ತೊಂದನ್ನು ಕಾಪಿಡಲು ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯವನ್ನು ವಿಚಾರಿಸಿ. ಹಾಗೆ ಕೊಡುವಾಗ ಹಿರಿಯರು ಹಾಕಿದ ಷರತ್ತುಗಳನ್ನು ಬರಹದಲ್ಲೇ ಜೊತೆಗಿಡಿ.